ರೂಟ್ ಸರಿ ಇದ್ದರೂ 403 ಯಾಕೆ?

ಪ್ರಶ್ನೆ: ನನ್ನ ಪಿಎಚ್‌ಪಿ ಆಪ್‌ನಲ್ಲಿ ‘/ರಿಪೋರ್ಟ್ಸ್’ ಅನ್ನೋ ರೂಟ್ (ಆ ವಿಳಾಸ ಕೇಳಿದಾಗ ಯಾವ ಕೋಡ್ ಓಡಬೇಕು ಅನ್ನೋ ನಿಯಮ) ಇದೆ. ಲ್ಯಾಪ್‌ಟಾಪ್‌ನಲ್ಲಿ ಪಿಎಚ್‌ಪಿಯ ಬಿಲ್ಟ್-ಇನ್ ಸರ್ವರ್ ಮೇಲೆ ಸಲೀಸಾಗಿ ತೆರೆಯುತ್ತದೆ. ಅಪಾಚಿ ವೆಬ್ ಸರ್ವರ್‌ಗೆ ಹಾಕಿದ ಮೇಲೆ 403 ಫರ್ಬಿಡನ್ (ಪ್ರವೇಶ ಇಲ್ಲ) ಬರುತ್ತಿದೆ. ಆದರೆ ‘/ರಿಪೋರ್ಟ್ಸ್/12’ ತೆರೆಯುತ್ತದೆ! ಪರ್ಮಿಷನ್ 777 (ಎಲ್ಲರಿಗೂ ಪೂರ್ತಿ ಅನುಮತಿ) ಕೊಟ್ಟರೂ ಅದೇ ಕಥೆ.

ಉತ್ತರ: ಮೊದಲು ಆ 777 ತೆಗೆದು 755 (ಬರೆಯೋದು ಮಾಲೀಕನಿಗೆ ಮಾತ್ರ) ಮಾಡಿ. ತೊಂದರೆ ಪರ್ಮಿಷನ್‌ದಲ್ಲ. ನಿಮ್ಮ ಪಬ್ಲಿಕ್ ಫೋಲ್ಡರ್ ಒಳಗೆ ‘ರಿಪೋರ್ಟ್ಸ್’ ಹೆಸರಿನ ಫೋಲ್ಡರ್ ಒಂದು ಇರಬೇಕು, ಬಹುಶಃ ಪಿಡಿಎಫ್ ಇಡೋಕೆ ಮಾಡಿದ್ದು. ಅಲ್ವಾ?

ಅಪಾಚಿಯ ಸೆಟ್ಟಿಂಗ್ ಇರುವ ಎಚ್‌ಟಿಆಕ್ಸೆಸ್ ಫೈಲ್ ತೆರೆದು ನೋಡಿ. ಕೊನೆಯಲ್ಲಿ ‘!-ಎಫ್’, ‘!-ಡಿ’ ಇರುವ ಎರಡು ರೀರೈಟ್‌ಕಾಂಡ್ (ಷರತ್ತಿನ) ಸಾಲು ಕಾಣುತ್ತವೆ. ಕೇಳಿದ ಹೆಸರಿನ ಫೈಲ್ ಅಥವಾ ಫೋಲ್ಡರ್ ಡಿಸ್ಕ್‌ನಲ್ಲಿ ಇಲ್ಲದಿದ್ದರೆ ಮಾತ್ರ ರಿಕ್ವೆಸ್ಟನ್ನು ಆಪ್‌ನ ಮುಖ್ಯ ಫೈಲ್ ಇಂಡೆಕ್ಸ್ ಪಿಎಚ್‌ಪಿಗೆ ಕಳಿಸು ಅಂತ ಅದರರ್ಥ. ನಿಮ್ಮಲ್ಲಿ ಫೋಲ್ಡರ್ ಇದೆ. ಹಾಗಾಗಿ ರಿಕ್ವೆಸ್ಟ್ ನಿಮ್ಮ ಕೋಡ್ ತನಕ ಬರೋದೇ ಇಲ್ಲ. ಅಪಾಚಿ ಯುಆರ್‌ಎಲ್ ಕೊನೆಗೆ ಒಂದು ಸ್ಲ್ಯಾಶ್ ಸೇರಿಸಿ 301 ರೀಡೈರೆಕ್ಟ್ (ಶಾಶ್ವತವಾಗಿ ಬೇರೆ ವಿಳಾಸಕ್ಕೆ ಕಳಿಸೋದು) ಮಾಡುತ್ತದೆ. ಆಮೇಲೆ ಫೋಲ್ಡರ್‌ನಲ್ಲಿ ಇಂಡೆಕ್ಸ್ ಫೈಲ್ ಹುಡುಕುತ್ತದೆ, ಸಿಗದಿದ್ದಾಗ, ಫೋಲ್ಡರ್‌ನ ಪಟ್ಟಿ ತೋರಿಸುವ ಆಯ್ಕೆಯೂ ಆಫ್ ಇದ್ದರೆ, 403 ಕೊಡುತ್ತದೆ. ಎರರ್ ಲಾಗ್‌ನಲ್ಲಿ ಎಎಚ್01276 ಇದ್ದರೆ ಇದೇ ಕಾರಣ. ‘12’ ಅನ್ನೋ ಫೈಲ್ ಆ ಫೋಲ್ಡರ್‌ನಲ್ಲಿ ಇಲ್ಲ, ಅದಕ್ಕೇ ಆ ಪುಟ ಬಚಾವ್.

ಲ್ಯಾಪ್‌ಟಾಪ್‌ನಲ್ಲಿ ನಡೆದದ್ದು ಹೇಗೆ? ಬಿಲ್ಟ್-ಇನ್ ಸರ್ವರ್‌ಗೆ ಫೋಲ್ಡರ್‌ನಲ್ಲಿ ಇಂಡೆಕ್ಸ್ ಸಿಗದಿದ್ದರೆ ಒಂದೊಂದೇ ಹಂತ ಮೇಲಕ್ಕೆ ಹೋಗಿ ಹುಡುಕುತ್ತದೆ. ಹಾಗೆ ನಿಮ್ಮ ಮುಖ್ಯ ಇಂಡೆಕ್ಸ್ ಪಿಎಚ್‌ಪಿ ಅದಕ್ಕೆ ಸಿಕ್ಕಿದೆ.

ಫೋಲ್ಡರ್ ಹೆಸರು ಬದಲಿಸಿದರೆ ಸಮಸ್ಯೆ ಮುಗಿಯುತ್ತದೆ. ನನ್ನ ಕೇಳಿದರೆ ಅದನ್ನು ಪಬ್ಲಿಕ್‌ನಿಂದ ಹೊರಗೇ ಹಾಕಿ. ಈಗ ಪಿಡಿಎಫ್ ಹೆಸರು ಗೊತ್ತಿರುವವರು ಯಾರು ಬೇಕಾದರೂ ಲಾಗಿನ್ ಇಲ್ಲದೆ ಇಳಿಸಿಕೊಳ್ಳಬಹುದು. 403ಗಿಂತ ಅದೇ ದೊಡ್ಡ ತಲೆನೋವು. ಫೈಲನ್ನು ಕೋಡ್ ಮೂಲಕ, ಲಾಗಿನ್ ನೋಡಿ ಕಳಿಸಿ.

‘!-ಡಿ’ ಸಾಲು ಅಳಿಸಿ ಅಂತ ಸಲಹೆ ಕೊಡುವವರೂ ಇದ್ದಾರೆ. ಸ್ಲ್ಯಾಶ್ ಕಾಟ ಆಗಲೂ ಉಳಿಯಬಹುದು. ಅದಕ್ಕೆ, ಸ್ಲ್ಯಾಶ್ ಸೇರಿಸುವ ಡೈರೆಕ್ಟರಿಸ್ಲ್ಯಾಶ್ ಸೆಟ್ಟಿಂಗ್ ಆಫ್ ಮಾಡಿದರೆ, ಪಟ್ಟಿ ತೋರಿಸುವ ಇಂಡೆಕ್ಸಸ್ ಆಯ್ಕೆಯನ್ನೂ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಫೋಲ್ಡರ್‌ನ ಪಟ್ಟಿ ಹೊರಗಿನವರಿಗೆ ಕಾಣಬಹುದು. ಸುಮ್ನೆ ಯಾಕೆ ಬೇಕು?

ಎಂಜಿನ್‌ಎಕ್ಸ್ ಅನ್ನೋ ಇನ್ನೊಂದು ವೆಬ್ ಸರ್ವರ್‌ನಲ್ಲಾದರೆ ಟ್ರೈ_ಫೈಲ್ಸ್ ಸಾಲಿನ ‘$ಯುಆರ್‌ಐ/’ ಇದೇ ಆಟ ಆಡುತ್ತದೆ. ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್‌ನಲ್ಲಿ ಇದು 403.14 ಆಗಿ ಕಾಣುತ್ತದೆ.

ಸರಿ ಮಾಡಿದ ಮೇಲೂ ಹಳೇ 301 ಬ್ರೌಸರ್ ಕ್ಯಾಶ್‌ನಲ್ಲಿ ಕೂತಿರಬಹುದು. ಹಾಗಾಗಿ ಕರ್ಲ್‌ ಅನ್ನೋ ಕಮಾಂಡ್ ಲೈನ್ ಟೂಲ್‌ನಲ್ಲಿ ಅಥವಾ ಹೊಸ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪರೀಕ್ಷೆ ಮಾಡಿ.