ಆಪ್ತಸಲಹೆ ಪ್ರಕರಣ: ನಾಲ್ಕು ಗಂಟೆ ಪಾಠ, ಐವತ್ತು ನಿಮಿಷ ಕಲಿಕೆ

(ಕುಟುಂಬದ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬಂದವರು ಮೂರು ಮಕ್ಕಳ ತಾಯಿ. ದೊಡ್ಡವಳಿಗೆ 7 ವರ್ಷ, ನಡುವಿನವನಿಗೆ 5, ಚಿಕ್ಕದಕ್ಕೆ 16 ತಿಂಗಳು. ದೊಡ್ಡವಳನ್ನು ಶಾಲೆ ಬಿಡಿಸಿ ಎಂಟು ತಿಂಗಳಾಗಿತ್ತು, ನಡುವಿನವನು ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ. ಇಬ್ಬರಿಗೂ ಮನೆಯಲ್ಲಿ ತಾಯಿಯದೇ ಪಾಠ. ತಂದೆ ಮನೆ ಸೇರುವುದು ಸಂಜೆ ಏಳಕ್ಕೆ.

"ಮೇಡಂ, ಬೇರೆ ಹೊತ್ತು ಚೆನ್ನಾಗೇ ಇರ್ತೀವಿ. ಪುಸ್ತಕ ತೆಗೆದ್ರೆ ಸಾಕು, ಯುದ್ಧ. ಮೊನ್ನೆ ದೊಡ್ಡವಳು 'ನಾನು ದಡ್ಡಿ, ನಂಗೇನೂ ಬರಲ್ಲ' ಅಂದ್ಳು. ಆ ಮಾತು ನನ್ನ ಬಾಯಿಂದಾನೇ ಕಲ್ತಿದ್ದು ಅಂತ ಆಮೇಲೆ ಹೊಳೀತು." ಅವರು ಕೇಳಿದ್ದು ಒಂದೇ: ತಾಳ್ಮೆ ಹೆಚ್ಚಿಸಿಕೊಳ್ಳುವುದು ಹೇಗೆ?

ತಾಳ್ಮೆಯ ಮಾತಿಗೆ ಹೋಗುವ ಮುಂಚೆ ಅವರ ನಿದ್ದೆ, ಊಟ, ಅಳು, ಮೊದಲು ಇಷ್ಟವಾಗುತ್ತಿದ್ದ ಕೆಲಸಗಳ ಬಗ್ಗೆ ವಿಚಾರಿಸಿದೆ. ಎರಡು ವಾರಕ್ಕೂ ಮೀರಿ ಮನಸ್ಸು ಕುಗ್ಗಿ ಯಾವುದೂ ಬೇಡವೆನಿಸುತ್ತಿದ್ದರೆ ಪಾಠದ ಕ್ರಮ ತಿದ್ದಿ ಉಪಯೋಗವಿಲ್ಲ, ಮೊದಲು ವೈದ್ಯರ ಹತ್ತಿರ ಕಳಿಸಬೇಕಾಗುತ್ತದೆ. ಇಲ್ಲಿ ದಣಿವು ಇತ್ತು, ಖಿನ್ನತೆಯ ಲಕ್ಷಣ ಇರಲಿಲ್ಲ.

ಒಂದು ವಾರದ ಲೆಕ್ಕ ಬರೆದು ತರಲು ಹೇಳಿದೆ. ನಾಲ್ಕು ಕಲಂ: ಪಾಠಕ್ಕೆ ಕೂತ ಹೊತ್ತು, ಎದ್ದ ಹೊತ್ತು, ಜಗಳವಾದರೆ ಎಷ್ಟು ಗಂಟೆಗೆ, ಅದಕ್ಕೆ ಐದು ನಿಮಿಷ ಮುಂಚೆ ಏನು ನಡೆಯುತ್ತಿತ್ತು. ಕೊನೆಯ ಕಲಂಗಾಗಿಯೇ ಉಳಿದ ಮೂರು. ಜಗಳದ ಹೊತ್ತಿಗೆ ಕಣ್ಣಿಗೆ ಬೀಳುವುದು ಮಗುವಿನ ಹಟ, ಅದರ ಬೇರು ಸಾಮಾನ್ಯವಾಗಿ ಆ ಐದು ನಿಮಿಷದಲ್ಲಿರುತ್ತದೆ.

ಐದು ದಿನದ ಪಾಠದಲ್ಲಿ 14 ಜಗಳ. ಅದರಲ್ಲಿ 11 ನಡೆದದ್ದು ಹನ್ನೊಂದೂಕಾಲು ದಾಟಿದ ಮೇಲೆ, 9 ಬರೆಯುವಾಗ. ಒಂಬತ್ತರಿಂದ ಒಂದರ ತನಕ ಕೂರಿಸಿದರೂ ದೊಡ್ಡವಳು ನಿಜಕ್ಕೂ ಕಲಿತದ್ದು ದಿನಕ್ಕೆ ಹೆಚ್ಚೆಂದರೆ 50 ನಿಮಿಷ. ಉಳಿದ ಹೊತ್ತೆಲ್ಲ ಪೆನ್ಸಿಲ್ ಹುಡುಕುವುದು, ಅಮ್ಮ ಚಿಕ್ಕದನ್ನು ಎತ್ತಿಕೊಂಡು ಓಡಾಡುವುದು, ತಮ್ಮನ ಸರದಿ ಮುಗಿಯಲೆಂದು ಕಾಯುವುದು, "ನೆಟ್ಟಗೆ ಕೂತ್ಕೋ" ಅನ್ನಿಸಿಕೊಳ್ಳುವುದು. ಲೆಕ್ಕದ ಅಂಚಿನಲ್ಲಿ ಇನ್ನೊಂದು ಸಂಗತಿಯೂ ಸಿಕ್ಕಿತು: ದೊಡ್ಡವಳು ಮಲಗುವುದು ರಾತ್ರಿ ಹತ್ತೂವರೆಗೆ, ಏಳುವುದು ಆರೂವರೆಗೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ನಿದ್ದೆ ಬೇಕು. ಇವಳಿಗೆ ಸಿಗುತ್ತಿದ್ದದ್ದು 8.

ಕೋಣೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿದ್ದಾರಂತೆ, 40 ನಿಮಿಷದ ಆರು ಪಿರಿಯಡ್. ಶಾಲೆಯ ಪಿರಿಯಡ್ಡು 40 ನಿಮಿಷ ಇರುವುದು ಮಗುವಿನ ಗಮನ ಅಷ್ಟು ಹೊತ್ತು ನಿಲ್ಲುತ್ತದೆ ಎಂದಲ್ಲ. ಹಾಜರಿ ಕೂಗಬೇಕು, ಮೂವತ್ತು ಮಕ್ಕಳು ಪುಸ್ತಕ ತೆಗೆಯಬೇಕು, ಒಬ್ಬರಿಗೆ ತಿಳಿದದ್ದನ್ನು ಇನ್ನೊಬ್ಬರಿಗಾಗಿ ಮತ್ತೆ ಹೇಳಬೇಕು. ಎದುರುಬದುರು ಕೂತು ಒಬ್ಬಳಿಗೇ ಕಲಿಸುವಾಗ ಇದು ಯಾವುದೂ ಇಲ್ಲ. ಮನೆಯಲ್ಲಿ ಕಲಿಸುವವರು ಇವತ್ತಿಗೂ ಓದುವ ಬ್ರಿಟಿಷ್ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) ಚಿಕ್ಕ ಮಕ್ಕಳ ಒಂದೊಂದು ಪಾಠವೂ 20 ನಿಮಿಷ ಮೀರದಿರಲಿ ಎನ್ನುತ್ತಿದ್ದರು. ತಾಯಿಗೆ ಇದನ್ನು ನಂಬುವುದು ಕಷ್ಟವಾಯಿತು. "ಇಷ್ಟೇ ಹೊತ್ತು ಸಾಕಾ? ಮನೆಗೆ ಬಂದವರೆಲ್ಲ ಮಗ್ಗಿ ಕೇಳ್ತಾರೆ ಮೇಡಂ." ಆರು ಪಿರಿಯಡ್ಡಿನ ಪಟ್ಟಿ ಯಾರಿಗಾಗಿ ಗೋಡೆ ಹತ್ತಿತ್ತು ಎಂಬುದು ಆ ಮಾತಿನಲ್ಲೇ ಇತ್ತು.

ಎರಡನೇ ಭೇಟಿಗೆ ಅವರು ಫೋನಿನಲ್ಲಿ 12 ನಿಮಿಷದ ಪಾಠ ಚಿತ್ರಿಸಿ ತಂದರು. ಲೆಕ್ಕ 52–27. ಹುಡುಗಿ 35 ಎಂದು ಬರೆದಳು. "ತಪ್ಪು, ಮತ್ತೆ ಮಾಡು." ಅಳಿಸಿ ಮತ್ತೆ 35. ನಾಲ್ಕನೇ ಸಲ ರಬ್ಬರಿನಡಿ ಕಾಗದ ಹರಿಯಿತು, ಅಳು ಶುರುವಾಯಿತು. ನಾಲ್ಕು ಸಲವೂ ಒಂದೇ ಉತ್ತರ ಬಂದರೆ ಅದು ಅಜಾಗರೂಕತೆಯಲ್ಲ, ಮಗು ಒಂದು ನಿಯಮ ಹಿಡಿದುಕೊಂಡಿದೆ: ದೊಡ್ಡದರಿಂದ ಚಿಕ್ಕದನ್ನು ಕಳೆ. 2ರಿಂದ 7 ಹೋಗುವುದಿಲ್ಲ, ಹಾಗಾಗಿ 7ರಿಂದ 2 ಕಳೆದು 5. "ಮತ್ತೆ ಮಾಡು" ಅಂದಷ್ಟು ಸಲವೂ ಅವಳು ಅದೇ ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಾಳೆ.

ಸಲಹೆ: ಒಂದು ವಾರ ಕಾಗದವೇ ಬೇಡ. ಅರವತ್ತು ಕಡ್ಡಿ ತೆಗೆದುಕೊಂಡು ಹತ್ತರಂತೆ ಕಟ್ಟು ಕಟ್ಟಿ, ಒಂದು ಕಟ್ಟು ಬಿಚ್ಚಿಡಿ. ಐದು ಕಟ್ಟು, ಎರಡು ಬಿಡಿ ಮುಂದಿಟ್ಟು "27 ಕೊಡು" ಎನ್ನಿ. ಎರಡು ಕಟ್ಟು ಕೊಡುತ್ತಾಳೆ, ಏಳು ಬಿಡಿ ಕೊಡಲು ಹೋದರೆ ಇರುವುದು ಎರಡೇ. ಇಲ್ಲಿ ಸುಮ್ಮನಿರಬೇಕು. ಒಂದು ನಿಮಿಷವಾದರೂ ಬಾಯಿ ಬಿಡಬಾರದು. ಕಟ್ಟು ಬಿಚ್ಚಬೇಕೆಂದು ಅವಳಿಗೇ ಹೊಳೆದರೆ ದಶಕ ಸಾಲ ತರುವುದನ್ನು ಮತ್ತೆ ಕಲಿಸುವ ಕೆಲಸವೇ ಇರುವುದಿಲ್ಲ. ಬಿಚ್ಚಿದ ಮೇಲೆ 12 ಬಿಡಿ, ಏಳು ಕೊಟ್ಟರೆ ಐದು, ಪಕ್ಕದಲ್ಲಿ ಎರಡು ಕಟ್ಟು, ಒಟ್ಟು 25. ಎರಡನೇ ವಾರ ಕಡ್ಡಿಯ ಬದಲು ಗೆರೆ ಎಳೆದು ಮಾಡಲಿ, ಅಂಕಿ ಬರುವುದು ಮೂರನೇ ವಾರ. ದಿನಕ್ಕೆ ನಾಲ್ಕು ಲೆಕ್ಕ ಸಾಕು. ಕಟ್ಟಿದ ರಬ್ಬರ್ ಬ್ಯಾಂಡು ಚಿಕ್ಕದರ ಬಾಯಿಗೆ ಹೋಗದಂತೆ ಎಣಿಸಿ ಎತ್ತಿಡಬೇಕು ಎಂಬುದನ್ನೂ ಸೇರಿಸಿದೆ.

ಅದೇ ವಿಡಿಯೊದಲ್ಲಿ ಅವಳು 'ಕರ್ಣ' ಎಂಬುದನ್ನು 'ಕಣ್ರ' ಎಂದು ಓದಿ ಬೈಸಿಕೊಂಡಳು. ಅರ್ಕಾವೊತ್ತು ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ಮಗು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದೆ. ಬೈಯುವುದಕ್ಕೆ ಅಲ್ಲಿ ಏನಿದೆ? ಅರ್ಕಾವೊತ್ತಿರುವ ಎಂಟು ಹತ್ತು ಪದ ಆರಿಸಿ, ಆ ಗುರುತಿಗೆ ಮಾತ್ರ ಬಣ್ಣ ಹಚ್ಚಿ, "ಬಣ್ಣದ್ದು ಮೊದಲು" ಎಂದು ವಾರವಿಡೀ ಆಡಿಸಿದರೆ ಸರಿಹೋಗುತ್ತದೆ.

ಬರವಣಿಗೆಯೇ ತೊಂದರೆಯ ಮೂಲ. ಕನ್ನಡ, ಪರಿಸರ, ಲೆಕ್ಕ, ಎಲ್ಲದರ ಕೊನೆಗೂ "ಬರಿ". ಏಳರ ಮಗು ಬಾಯಲ್ಲಿ ಹತ್ತು ವಾಕ್ಯ ಹೇಳಬಲ್ಲದು, ಕೈಗೆ ಎರಡೇ ಸಾಧ್ಯ. ಹೇಳುವುದನ್ನೂ ಬರೆಯುವುದನ್ನೂ ಬೇರೆ ಮಾಡಿ ಎಂದೆ. ಅವಳು ಹೇಳಲಿ, ಅಮ್ಮ ಅವಳ ಮಾತಿನಲ್ಲೇ ಬರೆದುಕೊಳ್ಳಲಿ, ಅದರಲ್ಲಿ ಅವಳಿಗೆ ಇಷ್ಟವಾದ ಒಂದು ವಾಕ್ಯವನ್ನು ಅವಳು ಚೆಂದವಾಗಿ ನಕಲು ಮಾಡಲಿ. ಹತ್ತು ನಿಮಿಷ, ಅಷ್ಟೇ. ಜೊತೆಗೆ ವಿಡಿಯೊದಲ್ಲಿ ಅವಳ ಕಾಲು ನೆಲಕ್ಕೆ ತಾಗದೆ ಜೋಲಾಡುತ್ತಿತ್ತು, ಮೇಜು ಎದೆಯ ಎತ್ತರಕ್ಕಿತ್ತು. ಕೂತಾಗ ಪಾದ ಪೂರ್ತಿ ಊರಬೇಕು, ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು. ಆಸನಕ್ಕೊಂದು ಗಟ್ಟಿ ದಿಂಬು, ಕಾಲಡಿಗೊಂದು ಪೆಟ್ಟಿಗೆ ಇಟ್ಟರೆ ಆಯಿತು. ಕಾಲಿಗೆ ಆಸರೆಯಿಲ್ಲದ ಮಗು ಬೀಳದಿರಲು ಮೈ ಬಿಗಿಹಿಡಿಯುತ್ತದೆ, ಆ ಬಿಗಿ ಬೆರಳಿಗೂ ಇಳಿದು ಬೇಗ ಕೈ ನೋಯುತ್ತದೆ.

ನಡುವಿನವನ ಕಥೆ ಬೇರೆ. ಅವನು 'ಅ'ದಿಂದ 'ಳ'ದವರೆಗೆ 49 ಅಕ್ಷರಗಳನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಾನೆ, 'ಸರ' ಎಂದು ಬರೆದು ತೋರಿಸಿದರೆ ಓದಲಾರ. ಕಲಿತದ್ದು ಹಾಡನ್ನು, ಅಕ್ಷರವನ್ನಲ್ಲ. ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಐದರಿಂದ ಶುರುಮಾಡಲು ಹೇಳಿದೆ. ಐದೇ ಅಕ್ಷರದಲ್ಲಿ ಸರ, ರಸ, ದರ, ಅಗಸ, ಅರಸ ಇಷ್ಟು ಪದ ಓದಲು ಸಿಗುತ್ತವೆ, ಮೊದಲ ವಾರವೇ "ನಾನು ಓದ್ದೆ" ಅನ್ನಬಹುದು. ಹತ್ತು ಹನ್ನೆರಡು ಅಕ್ಷರ ಕೂತ ಮೇಲೆ ದೀರ್ಘ ಸೇರಿಸಿದರೆ ದಾರ, ರಾಗ. ಒತ್ತಕ್ಷರಕ್ಕೆ ಈ ವರ್ಷ ಅವಸರವಿಲ್ಲ.

ಅಕ್ಷರ ಹೇಳಿಕೊಡುವಾಗ ಮೂರು ಹಂತ. "ಇದು ಸ, ಇದು ಗ" ಎಂದು ತೋರಿಸುವುದು ಮೊದಲನೆಯದು. "ಸ ಎಲ್ಲಿದೆ? ಗ ನನ್ನ ಕೈಗೆ ಕೊಡು" ಎರಡನೆಯದು. "ಇದೇನು?" ಮೂರನೆಯದು. ಮಾಂಟೆಸ್ಸರಿ ಪದ್ಧತಿಯಲ್ಲಿ ಬಳಸುವ ಕ್ರಮವಿದು. ಹೆಚ್ಚಿನ ಪೋಷಕರು ಒಂದರಿಂದ ನೇರವಾಗಿ ಮೂರಕ್ಕೆ ಜಿಗಿಯುತ್ತಾರೆ. ಎರಡನೇ ಹಂತದಲ್ಲೇ ಐದಾರು ದಿನ ಆಡಬೇಕು. ಮೂರನೆಯದರಲ್ಲಿ ತಪ್ಪಿದರೆ "ಅಲ್ಲ" ಅನ್ನದೆ ಮತ್ತೆ ಒಂದನೆಯದಕ್ಕೆ ಮರಳಬೇಕು. ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಟ್ಟಿಗೆ ಕಲಿಸಬಾರದು. ವ, ಮ ಎರಡಕ್ಕೂ ವ್ಯತ್ಯಾಸ ಬಲಗಡೆಯ ಬಾಲ ಮಾತ್ರ, ಒಂದು ಗಟ್ಟಿಯಾಗಿ ಎರಡು ವಾರವಾದ ಮೇಲೆ ಇನ್ನೊಂದು. ಪ ಮತ್ತು ಹೊಟ್ಟೆ ಸೀಳಿದ ಷ ವಿಷಯವೂ ಅಷ್ಟೆ. ಇಬ್ಬರಿಗೂ ಕಣ್ಣು, ಕಿವಿ ಒಮ್ಮೆ ತೋರಿಸಿ ಬನ್ನಿ ಎಂದೆ, ಎರಡೂ ಸರಿಯಿದ್ದವು. ಸೋಮಾರಿತನದ ಮಾತು ಆಡುವ ಮುಂಚೆ ಈ ತಪಾಸಣೆ ಆಗಿರಬೇಕು.

ಇನ್ನು ದಿನದ ಆಕಾರ. ಗಡಿಯಾರಕ್ಕೆ ಕಟ್ಟದೆ, ಹೇಗೂ ನಡೆಯುವ ಕೆಲಸಗಳಿಗೆ ಪಾಠವನ್ನು ಕಟ್ಟಿದೆವು. ತಿಂಡಿ ಆದ ಕೂಡಲೇ ಮೂವರನ್ನೂ ಸುತ್ತ ಕೂರಿಸಿಕೊಂಡು 20 ನಿಮಿಷ ಗಟ್ಟಿಯಾಗಿ ಓದಿ ಹೇಳುವುದು, ಚಿಕ್ಕದು ಮಡಿಲಲ್ಲಿ. ಆಮೇಲೆ 15 ನಿಮಿಷ ಚಿಕ್ಕದಕ್ಕೆ ಮಾತ್ರ, ಫೋನಿಲ್ಲದೆ. ತಾಯಿ ಮಾಡುತ್ತಿದ್ದದ್ದು ಇದರ ತಿರುಗುಮುರುಗು: ದೊಡ್ಡವರ ಪಾಠ ಮುಗಿಯಲಿ ಎಂದು ಚಿಕ್ಕದನ್ನು ಕಾಯಿಸುವುದು. ಹಾಗೆ ಕಾದ ಮಗು ಮೇಜು ಹತ್ತುತ್ತದೆ. ಮೊದಲೇ ಅಮ್ಮನ ಗಮನ ಸಿಕ್ಕ ಮಗು ಹದಿನೈದು ನಿಮಿಷವಾದರೂ ತನ್ನಷ್ಟಕ್ಕೆ ಇರುತ್ತದೆ. ಪಾಠದ ಹೊತ್ತಿಗೆ ಮಾತ್ರ ಹೊರಬರುವಂತೆ ಚಿಕ್ಕದರ ಆಟದ ವಸ್ತುಗಳ ಐದು ಡಬ್ಬಿ ಮಾಡಿ, ದಿನಕ್ಕೊಂದು. ಟಾಯ್ಲೆಟ್ ರೋಲಿನ ಖಾಲಿ ರಟ್ಟಿನ ಕೊಳವೆಯೊಳಗೆ ನುಸುಳುವ ಯಾವ ವಸ್ತುವೂ ಅದರಲ್ಲಿ ಇರಕೂಡದು, ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರ ಅದು.

ಚಿಕ್ಕದು ತನ್ನಷ್ಟಕ್ಕಿರುವ ಆ ಹದಿನೈದು ನಿಮಿಷ ನಡುವಿನವನ ಅಕ್ಷರಕ್ಕೆ. ಚಿಕ್ಕದು ಮಲಗಿದ ಮೇಲೆ ದೊಡ್ಡವಳ ಲೆಕ್ಕ 15 ನಿಮಿಷ, ಹತ್ತು ನಿಮಿಷ ಹೊರಗೆ ಓಡಿ ಬರುವುದು, ಓದು 15, ನಕಲು 10. ಚಿಕ್ಕದರ ನಿದ್ದೆಯ ಹೊತ್ತನ್ನು ತಾಯಿ ಅಡುಗೆಗೆ ಇಟ್ಟುಕೊಂಡಿದ್ದರು, ಅದಲುಬದಲು ಮಾಡಿದೆವು. ಅಡುಗೆ ಮಾಡುವಾಗ ಮೂರೂ ಕಾಲಡಿ ಓಡಾಡಿದರೆ ನಡೆಯುತ್ತದೆ, ಕಳೆಯುವ ಲೆಕ್ಕ ಹಾಗೆ ನಡೆಯುವುದಿಲ್ಲ. ರಾತ್ರಿ ನಿದ್ದೆಯನ್ನು ಮೂರು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಹಿಂದೆ ಸರಿಸಿ ಒಂಬತ್ತಕ್ಕೆ ತರುವುದು.

ನಿಲ್ಲಿಸುವ ನಿಯಮ: ಟೈಮರ್ ಬಡಿದರೆ ಮುಗಿಯಿತು, ಅರ್ಧ ಲೆಕ್ಕದಲ್ಲಿದ್ದರೂ. ತಾಯಿಯ ದನಿ ಏರಿತೆಂದರೆ ಆ ಪುಸ್ತಕ ಮುಚ್ಚಬೇಕು, ಆ ವಿಷಯ ಆ ದಿನ ಮತ್ತೆ ತೆಗೆಯುವಂತಿಲ್ಲ. "ಎಷ್ಟು ಸಲ ಹೇಳ್ಲಿ" ಎಂಬುದರ ಜಾಗದಲ್ಲಿ "ಎಲ್ಲಿವರೆಗೆ ಸರಿ ಬಂತು, ತೋರ್ಸು". ಬರೆದಿಟ್ಟುಕೊಳ್ಳಲು ಒಂದು ನೋಟುಬುಕ್ಕು: ನಾಳೆ ಏನು ಮಾಡಬೇಕೆಂದಲ್ಲ, ಇವತ್ತು ಏನಾಯಿತೆಂದು ಮೂರು ಸಾಲು. ಹೋಮ್‌ಸ್ಕೂಲಿಂಗಿನ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಕೆಲವೆಡೆ ಕಲಿಕೆಯ ದಾಖಲೆ ಕೇಳುತ್ತಾರೆ. ಆಗಲೂ ಈ ಪುಸ್ತಕವೇ ಕೈಹಿಡಿಯುತ್ತದೆ.

ಮೂರನೇ ಭೇಟಿಗೆ ತಂದೆಯೂ ಬಂದರು. ಸಂಜೆ ಬಂದವರೇ "ಇವತ್ತೇನು ಕಲ್ತೆ?" ಎಂದು ಕೇಳುವ ರೂಢಿ ಅವರದು. ಮಕ್ಕಳು ಸುಮ್ಮನಾಗುತ್ತಾರೆ, ಅವರು ಹೆಂಡತಿಯ ಮುಖ ನೋಡುತ್ತಾರೆ. ಪರೀಕ್ಷಕರ ಕೆಲಸ ಬಿಟ್ಟು ಮಲಗುವ ಮುಂಚಿನ 20 ನಿಮಿಷದ ಓದು ವಹಿಸಿಕೊಳ್ಳಿ, ವಾರಕ್ಕೊಮ್ಮೆ ಮೂವರನ್ನೂ ಮೂರು ಗಂಟೆ ನೀವೇ ನೋಡಿಕೊಂಡು ಇವರನ್ನು ಮನೆಯಿಂದ ಹೊರಗೆ ಕಳಿಸಿ ಎಂದೆ. "ಅಷ್ಟೇನಾ?" ಎಂದು ಒಪ್ಪಿದರು. ಮೊದಲ ವಾರ ಒಂದೂವರೆ ಗಂಟೆಯಾಗುತ್ತಲೇ ಫೋನ್ ಮಾಡಿ ಕರೆಸಿಕೊಂಡರಂತೆ.

ಕೆಟ್ಟದ್ದು ಎಲ್ಲೆಲ್ಲಿ? ಎರಡನೇ ವಾರ ದೊಡ್ಡವಳಿಗೆ ಲೆಕ್ಕ ಚೆನ್ನಾಗಿ ಬರುತ್ತಿದೆಯೆಂದು ತಾಯಿ 15 ನಿಮಿಷವನ್ನು 35ಕ್ಕೆ ಎಳೆದರು. ಮರುದಿನ ಅವಳು ಕಡ್ಡಿ ಮುಟ್ಟಲಿಲ್ಲ. ಸರಿ ಮಾಡಿದ್ದಕ್ಕೆ ಸಿಕ್ಕ ಬಹುಮಾನ ಇನ್ನಷ್ಟು ಲೆಕ್ಕ ಎಂದಾದರೆ ಯಾವ ಮಗುವೂ ಹಾಗೆಯೇ ಮಾಡುತ್ತದೆ. ಮೂರನೇ ವಾರಕ್ಕೆ ಡಬ್ಬಿಗಳು ಹಳತಾದವು, ಪ್ರತಿ ಡಬ್ಬಿಯಲ್ಲಿ ಎರಡೆರಡು ವಸ್ತು ಬದಲಿಸಬೇಕಾಯಿತು. ಐದನೇ ವಾರ ಮನೆಮಂದಿಗೆಲ್ಲ ಜ್ವರ, ಆಮೇಲೆ ತಪ್ಪಿದ ಪಾಠವನ್ನೆಲ್ಲ ಒಟ್ಟಿಗೆ ಮುಗಿಸುವ ಹಟ, ಮತ್ತೆ ಹಳೆಯ ಜಗಳ. ಬಾಕಿ ಎಂಬುದನ್ನೇ ಇಟ್ಟುಕೊಳ್ಳಬೇಡಿ ಎಂದೆ. ಅಂಥ ದಿನಗಳಿಗೆಂದು 'ಕನಿಷ್ಠ ದಿನ' ಗೊತ್ತುಮಾಡಿಕೊಂಡೆವು: ಹತ್ತು ನಿಮಿಷ ಓದಿ ಹೇಳುವುದು, ಬಾಯಿಲೆಕ್ಕ ಐದು, ಮುಗಿಯಿತು.

ಹತ್ತನೇ ವಾರದ ಭೇಟಿಯಲ್ಲಿ: ಎರಡಂಕಿಯ ಕಳೆಯುವ ಲೆಕ್ಕ ದೊಡ್ಡವಳಿಗೆ ಕಡ್ಡಿಯಿಲ್ಲದೆ ಬರುತ್ತಿದೆ, 400–163ರಂಥದ್ದು ಇನ್ನೂ ಬಾರದು, ಸೊನ್ನೆ ಇದ್ದಲ್ಲಿ ತಡವರಿಸುತ್ತಾಳೆ. ನಿದ್ದೆ ಒಂಬತ್ತೂಕಾಲಕ್ಕೆ ಬಂದು ನಿಂತಿದೆ. ಹುಡುಗ ಹದಿನಾಲ್ಕು ಅಕ್ಷರ ಕಲಿತು ಅವುಗಳಿಂದಾದ ಪದ ಓದುತ್ತಾನೆ, ವ–ಮ ಒಮ್ಮೊಮ್ಮೆ ಈಗಲೂ ಅದಲುಬದಲು. ವಾರದ ಜಗಳ 14ರಿಂದ 4ಕ್ಕೆ ಇಳಿದಿದೆ. ನಾಲ್ಕರಲ್ಲಿ ಮೂರು ಜಗಳ ನಡೆದದ್ದು ನೆಂಟರು ಬಂದಿದ್ದ ದಿನವೇ, ಮಗ್ಗಿ ಕೇಳಿದ ಮೇಲೆ. ಅದಕ್ಕೆ ಒಂದು ಸಾಲು ಬಾಯಿಪಾಠ ಮಾಡಿಸಿದೆ, ಮಗಳಿಗಲ್ಲ, ತಾಯಿಗೆ: "ಅವಳು ಈಗ ಒಂದು ಪುಸ್ತಕ ಓದ್ತಿದ್ದಾಳೆ, ಅದರ ಬಗ್ಗೆ ಕೇಳಿ."

ಮಕ್ಕಳನ್ನು ಶಾಲೆಗೆ ಸೇರಿಸುವುದೋ ಬೇಡವೋ ಎಂಬುದರಲ್ಲಿ ಗಂಡಹೆಂಡತಿಗೆ ಇನ್ನೂ ಒಮ್ಮತವಿಲ್ಲ. ಮೂರು ತಿಂಗಳ ನಂತರದ ಭೇಟಿಗೆ ನೋಟುಬುಕ್ಕು, ದೊಡ್ಡವಳ ನಕಲಿನ ಹಾಳೆಗಳು, ಇಬ್ಬರೂ ಬೇರೆ ಬೇರೆಯಾಗಿ ಬರೆದ ಒಂದೊಂದು ಪುಟ ತರಲು ಹೇಳಿದ್ದೇನೆ: ಶಾಲೆಯಿಂದ ಏನು ಬೇಕು, ಮನೆಯಿಂದ ಏನು ಬಿಡಲಾಗದು. ಅಷ್ಟರೊಳಗೆ ದಿನವೂ ಹದಿನೈದು ನಿಮಿಷ ಕಲಿಸಿದರೂ ಹುಡುಗನಿಗೆ ಅಕ್ಷರದ ಧ್ವನಿ ನಿಲ್ಲದೆ ಹೋದರೆ ಕಲಿಕೆಯ ತೊಂದರೆ ಪರೀಕ್ಷಿಸುವ ಮನಃಶಾಸ್ತ್ರಜ್ಞರಿಗೆ ತೋರಿಸಬೇಕು, ಆ ಚೀಟಿಯನ್ನು ಈಗಲೇ ಬರೆದುಕೊಟ್ಟಿದ್ದೇನೆ.