ಅಮೆರಿಕದಲ್ಲಿ ಬಾಡಿಗೆ ವಿಮಾನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಬಳಿ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಟ್ಟ ಪ್ರೈವೇಟ್ ಪೈಲಟ್ ಲೈಸೆನ್ಸ್ ಇದೆ. ಜಕ್ಕೂರಿನಲ್ಲಿ ಸೆಸ್ನಾ 172 ಎಂಬ ನಾಲ್ಕು ಸೀಟಿನ ಸಣ್ಣ ವಿಮಾನ ಹಾರಿಸುತ್ತೇನೆ. ಮೇ ತಿಂಗಳಲ್ಲಿ ಸ್ಯಾನ್ ಹೋಸೆಯಲ್ಲಿರುವ ಮಗಳ ಮನೆಗೆ ಹೋಗುವವನಿದ್ದೇನೆ. ಅಲ್ಲಿ ವಿಮಾನ ಬಾಡಿಗೆಗೆ ಪಡೆದು ಹಾರಿಸಬಹುದೇ?
– ಓದುಗರು, ಬೆಂಗಳೂರು

ಉತ್ತರ: ಹಾರಿಸಬಹುದು. ಆದರೆ ಡಿಜಿಸಿಎ ಲೈಸೆನ್ಸ್ ತೋರಿಸಿದ ಮಾತ್ರಕ್ಕೆ ವಿಮಾನದ ಕೀಲಿ ಕೈಗೆ ಬರುವುದಿಲ್ಲ. ಅಮೆರಿಕದಲ್ಲಿ ನೋಂದಣಿಯಾದ ವಿಮಾನವನ್ನು ಅಲ್ಲಿ ಹಾರಿಸಲು ಅಲ್ಲಿನ ವಿಮಾನಯಾನ ನಿಯಂತ್ರಕ ಎಫ್‌ಎಎ ಕೊಡುವ ಸರ್ಟಿಫಿಕೇಟ್ ಬೇಕು. ನಿಮ್ಮ ಲೈಸೆನ್ಸ್ ಆಧಾರದ ಮೇಲೆ, ಲಿಖಿತ ಪರೀಕ್ಷೆ, ಹಾರಾಟದ ಪರೀಕ್ಷೆ ಯಾವುದೂ ಇಲ್ಲದೆ ಅದನ್ನು ಕೊಡುತ್ತಾರೆ. ನಿಯಮದ ಸಂಖ್ಯೆ 61.75. ವಿಮಾನ ಬಾಡಿಗೆ ಕೊಡುವ ಫ್ಲೈಯಿಂಗ್ ಕ್ಲಬ್ಬಿನವರ ಮುಂದೆ ಆ ಸಂಖ್ಯೆ ಹೇಳಿದರೆ ಸಾಕು, ಅರ್ಥವಾಗುತ್ತದೆ.

ಕೆಲಸ ಬೆಂಗಳೂರಿನಿಂದಲೇ, ಜನವರಿಯಲ್ಲೇ ಶುರುವಾಗಬೇಕು. ಒಕ್ಲಹೋಮಾ ಸಿಟಿಯಲ್ಲಿರುವ ಎಫ್‌ಎಎ ಕಚೇರಿಗೆ 8060-71 ನಮೂನೆಯ ಅರ್ಜಿಯನ್ನು ಲೈಸೆನ್ಸ್ ಮತ್ತು ಮೆಡಿಕಲ್ (ವೈದ್ಯಕೀಯ ಅರ್ಹತೆಯ ಪ್ರಮಾಣಪತ್ರ) ಪ್ರತಿಗಳ ಸಮೇತ ಕಳಿಸಬೇಕು. ಅವರು ಡಿಜಿಸಿಎಗೆ ಬರೆದು, ಲೈಸೆನ್ಸ್ ಅಸಲಿಯೇ, ಅಮಾನತಿನಲ್ಲಿಲ್ಲವೇ ಎಂದು ಕೇಳುತ್ತಾರೆ. ಎಫ್‌ಎಎ ಹೇಳುವ ಅವಧಿ 45ರಿಂದ 90 ದಿನ. ತಡವಾಗುವುದು ಸಾಮಾನ್ಯವಾಗಿ ದೆಹಲಿಯ ಉತ್ತರ ಬರುವುದರಲ್ಲಿ. ಹಾಗಾಗಿ ಅರ್ಜಿ ಹಾಕಿ ಸುಮ್ಮನೆ ಕೂರದೆ ಡಿಜಿಸಿಎ ಕಡೆಯೂ ವಿಚಾರಿಸುತ್ತಿರಿ. ಎಲ್ಲ ಸರಿಯಿದ್ದರೆ ದೃಢೀಕರಣ ಪತ್ರ ಬರುತ್ತದೆ. ಅದರ ಆಯಸ್ಸು ಆರು ತಿಂಗಳು. ತೀರಾ ಬೇಗ ತರಿಸಿಕೊಂಡರೂ ಕಷ್ಟವೇ.

ನಮ್ಮ ಕಡೆಯವರು ಎಡವುವ ಇನ್ನೊಂದು ಜಾಗ ಇನಿಷಿಯಲ್. ಲೈಸೆನ್ಸಿನಲ್ಲಿ ‘ಕೆ.ಎಸ್.’ ಎಂದಿದ್ದು ಪಾಸ್‌ಪೋರ್ಟಿನಲ್ಲಿ ಊರು, ತಂದೆ ಹೆಸರೆಲ್ಲ ಬಿಡಿಸಿ ಬರೆದಿದ್ದರೆ ಇಬ್ಬರು ಬೇರೆ ಬೇರೆ ಎಂದೇ ಲೆಕ್ಕ. ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಮೆಡಿಕಲ್ ಪ್ರವಾಸ ಮುಗಿಯುವವರೆಗೂ ಚಾಲ್ತಿಯಲ್ಲಿರಲಿ. ಡಿಜಿಸಿಎಯ ಕ್ಲಾಸ್ 2 ಮೆಡಿಕಲ್ ನಡೆಯುತ್ತದೆ, ಅಲ್ಲಿ ಹೊಸದಾಗಿ ಮಾಡಿಸಬೇಕಿಲ್ಲ.

ಅಮೆರಿಕಕ್ಕೆ ಹೋದ ಮೇಲೆ ಐಎಸಿಆರ್‌ಎ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ತುಂಬಿ, ದೃಢೀಕರಣದ ಅರ್ಜಿಯಲ್ಲಿ ನೀವೇ ಆರಿಸಿದ ಎಫ್‌ಎಎ ಜಿಲ್ಲಾ ಕಚೇರಿಗೆ ಸಮಯ ಗೊತ್ತುಮಾಡಿಕೊಂಡು ಹೋಗಬೇಕು. ಪಾಸ್‌ಪೋರ್ಟ್, ಮೂಲ ಲೈಸೆನ್ಸ್, ಮೆಡಿಕಲ್, ಲಾಗ್‌ಬುಕ್, ದೃಢೀಕರಣ ಪತ್ರ ಇಷ್ಟೂ ಕೈಯಲ್ಲಿರಲಿ. ಇಂಗ್ಲಿಷ್ ಓದಿ, ಮಾತಾಡಿ ತೋರಿಸಬೇಕು. ಅಮೆರಿಕದ ವಿಳಾಸವಿಲ್ಲದವರು 2025ರ ಜನವರಿ 6ರಿಂದ ಅಲ್ಲಿ ಒಬ್ಬ ಏಜೆಂಟರನ್ನು, ಅಂದರೆ ಎಫ್‌ಎಎ ಕಾಗದಪತ್ರ ಸ್ವೀಕರಿಸುವವರನ್ನು, ನೇಮಿಸಬೇಕಾಗಿದೆ. ಇದಕ್ಕೆ ಹಣ ಕೊಟ್ಟು ಕಂಪನಿ ಹಿಡಿಯಬೇಕಿಲ್ಲ, ವಯಸ್ಕಳಾದ ನಿಮ್ಮ ಮಗಳೇ ಆಗಬಹುದು. ಅಂದೇ ಸಿಗುವ ತಾತ್ಕಾಲಿಕ ಸರ್ಟಿಫಿಕೇಟ್ 120 ದಿನ ನಡೆಯುತ್ತದೆ.

ಇಷ್ಟಾದರೂ ಒಬ್ಬರೇ ಹಾರುವಂತಿಲ್ಲ. ಮೊದಲು ಅಲ್ಲಿನ ಇನ್‌ಸ್ಟ್ರಕ್ಟರ್ ಜೊತೆ ಫ್ಲೈಟ್ ರಿವ್ಯೂ ಆಗಬೇಕು: ಕನಿಷ್ಠ ಒಂದು ಗಂಟೆ ನೆಲದ ಮೇಲೆ ನಿಯಮಗಳ ಚರ್ಚೆ, ಒಂದು ಗಂಟೆ ಹಾರಾಟ. ಬಾಡಿಗೆ ಕೊಡುವ ಮುನ್ನ ಕ್ಲಬ್ಬಿನವರು ನಡೆಸುವ ಪರೀಕ್ಷೆಯಾದ ಚೆಕ್‌ಔಟನ್ನೂ ಅದೇ ಹಾರಾಟದಲ್ಲಿ ಮುಗಿಸಿಕೊಡಿ ಎಂದು ಕೇಳಿ, ಬಾಡಿಗೆ ಉಳಿಯುತ್ತದೆ. ಮನೆಯವರನ್ನು ಕೂರಿಸಿಕೊಳ್ಳುವುದಾದರೆ ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು.

ಪ್ರಶ್ನೆ: ನನ್ನದು ಕಮರ್ಷಿಯಲ್ ಲೈಸೆನ್ಸ್, ಹೊರಗೆ ಕಾಣದಿದ್ದಾಗಲೂ ಉಪಕರಣ ನೋಡಿ ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗೂ ಇದೆ. ಎರಡೂ ಅಲ್ಲಿ ನಡೆಯುತ್ತವೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಕಮರ್ಷಿಯಲ್ ಇದ್ದರೂ ಈ ದಾರಿಯಲ್ಲಿ ಸಿಗುವುದು ಪ್ರೈವೇಟ್ ಮಾತ್ರ. ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕಿದ್ದರೆ ವಿದೇಶಿ ಪೈಲಟ್‌ಗಳಿಗೆಂದೇ ಇರುವ ಲಿಖಿತ ಪರೀಕ್ಷೆ ಪಾಸು ಮಾಡಬೇಕು. ಒಂದು ಎಚ್ಚರಿಕೆ: ಈ ಸರ್ಟಿಫಿಕೇಟ್ ನಿಮ್ಮ ಭಾರತೀಯ ಲೈಸೆನ್ಸಿಗೆ ಅಂಟಿಕೊಂಡೇ ಇರುತ್ತದೆ, ಅದರ ಸಂಖ್ಯೆ ಇದರ ಮೇಲೆ ಅಚ್ಚಾಗಿರುತ್ತದೆ. ಆ ಸಂಖ್ಯೆ ಬದಲಾದರೆ ಇದು ಕೆಲಸಕ್ಕೆ ಬಾರದು, ಮತ್ತೆ ದೃಢೀಕರಣದಿಂದ ಶುರು. ಇಲ್ಲಿನ ನಿರ್ಬಂಧಗಳೂ ಜೊತೆಗೇ ಬರುತ್ತವೆ. ನೈಟ್ ರೇಟಿಂಗ್ ಇಲ್ಲದವರು ಅಲ್ಲೂ ಕತ್ತಲಲ್ಲಿ ಹಾರುವಂತಿಲ್ಲ.

ಪ್ರಶ್ನೆ: ಮಗ ಅರಿಜೋನಾದಲ್ಲಿ ತರಬೇತಿ ಪಡೆದು ಎಫ್‌ಎಎ ಲೈಸೆನ್ಸ್ ತಂದಿದ್ದಾನೆ. ಅವನಿಗೂ ಇಷ್ಟೆಲ್ಲ ಬೇಕೇ?
– ಓದುಗರು, ಧಾರವಾಡ

ಉತ್ತರ: ಬೇಡ. ಅದು ಸ್ವತಂತ್ರ ಸರ್ಟಿಫಿಕೇಟ್. ಫ್ಲೈಟ್ ರಿವ್ಯೂ 24 ತಿಂಗಳೊಳಗಿನದಾಗಿದ್ದು, ಮೆಡಿಕಲ್ ಚಾಲ್ತಿಯಲ್ಲಿದ್ದರೆ ಸಾಕು. ಮೇಲೆ ಹೇಳಿದ ಏಜೆಂಟರ ನಿಯಮ ಮಾತ್ರ ಅವನಿಗೂ ಅನ್ವಯ.

ಪ್ರಶ್ನೆ: ವಿಮಾನಕ್ಕೆ ಇನ್ಶೂರೆನ್ಸ್ ಇದೆ ಎಂದು ಫ್ಲೈಯಿಂಗ್ ಕ್ಲಬ್ಬಿನವರು ಹೇಳುತ್ತಾರೆ. ಬಾಡಿಗೆದಾರ ಬೇರೆ ಮಾಡಿಸಬೇಕೇ? ಬಾಡಿಗೆ ಲೆಕ್ಕ ಹೇಗೆ?
– ಓದುಗರು, ಮಂಗಳೂರು

ಉತ್ತರ: ‘ಇನ್ಶೂರೆನ್ಸ್ ಇದೆ’ ಎಂದರೆ ಯಾರಿಗೆ ಇದೆ ಎಂದು ಕೇಳಿ. ಬಹಳಷ್ಟು ಕಡೆ ಪಾಲಿಸಿ ಕಾಯುವುದು ವಿಮಾನದ ಮಾಲೀಕರನ್ನು. ಲ್ಯಾಂಡಿಂಗ್‌ನಲ್ಲಿ ಪ್ರೊಪೆಲ್ಲರ್ ನೆಲಕ್ಕೆ ತಾಗಿತು ಎನ್ನಿ. ಎಂಜಿನ್ ಬಿಚ್ಚಿ ಪರೀಕ್ಷಿಸಲೇಬೇಕಾಗುತ್ತದೆ, ಖರ್ಚು ಹತ್ತಾರು ಸಾವಿರ ಡಾಲರ್ ದಾಟುವುದುಂಟು. ವಿಮಾ ಕಂಪನಿ ಮಾಲೀಕರಿಗೆ ಹಣ ಕೊಟ್ಟು, ಆಮೇಲೆ ಅದನ್ನು ನಿಮ್ಮಿಂದ ವಸೂಲಿ ಮಾಡಲು ಬರಬಹುದು. ಅದಕ್ಕೇ ಬಾಡಿಗೆದಾರರಿಗೆಂದು ಪ್ರತ್ಯೇಕ ಪಾಲಿಸಿ ಸಿಗುತ್ತದೆ. ಅದರಲ್ಲಿ ಎರಡು ಭಾಗ: ಬೇರೆಯವರಿಗಾದ ಹಾನಿ ಒಂದು, ಬಾಡಿಗೆ ವಿಮಾನಕ್ಕೇ ಆದ ಹಾನಿ ಇನ್ನೊಂದು. ಅಗ್ಗದ ಪಾಲಿಸಿಯಲ್ಲಿ ಎರಡನೆಯದು ಇರುವುದಿಲ್ಲ ಅಥವಾ ಹೆಸರಿಗಷ್ಟೇ ಇರುತ್ತದೆ. ಕನಿಷ್ಠ ಕ್ಲಬ್ಬಿನ ಡಿಡಕ್ಟಿಬಲ್ (ಹಾನಿಯಲ್ಲಿ ವಿಮಾ ಕಂಪನಿ ಕೊಡದೆ ಬಿಡುವ ಪಾಲು) ಮೊತ್ತವಾದರೂ ಅದರಲ್ಲಿ ತುಂಬಿಬರಲಿ. ವಿದೇಶಿ ಲೈಸೆನ್ಸ್ ಆಧರಿಸಿದ ಸರ್ಟಿಫಿಕೇಟ್ ಇರುವವರಿಗೆ ಪಾಲಿಸಿ ಅನ್ವಯಿಸುತ್ತದೆಯೇ ಎಂಬುದನ್ನು ಬರಹದಲ್ಲೇ ಪಡೆಯಿರಿ. ಬಾಯಿಮಾತು ಕೆಲಸಕ್ಕೆ ಬಾರದು.

ಲೆಕ್ಕದ ವಿಷಯ. ‘ವೆಟ್’ ಎಂದರೆ ಇಂಧನ ಸೇರಿದ ದರ, ‘ಡ್ರೈ’ ಎಂದರೆ ಇಂಧನ ನಿಮ್ಮದು. ಸೆಸ್ನಾ 172 ಗಂಟೆಗೆ ಎಂಟರಿಂದ ಒಂಬತ್ತು ಗ್ಯಾಲನ್ ಕುಡಿಯುತ್ತದೆ, ಹಾಗಾಗಿ ಎರಡು ದರ ಹೋಲಿಸುವಾಗ ಅದನ್ನೂ ಸೇರಿಸಿ ನೋಡಿ. ಬಾಡಿಗೆಯ ಗಂಟೆ ಎಣಿಸುವ ಮೀಟರ್ ಎರಡು ಬಗೆ. ಹಾಬ್ಸ್ ಮೀಟರ್ ಗಡಿಯಾರದಂತೆ ಓಡುತ್ತದೆ, ವಿಮಾನವನ್ನು ನೆಲದ ಮೇಲೆ ಓಡಿಸುವಾಗಲೂ (ಟ್ಯಾಕ್ಸಿ) ಪೂರ್ತಿ ಸಮಯ ಎಣಿಸುತ್ತದೆ. ಟ್ಯಾಕ್ ಮೀಟರ್ ಎಂಜಿನ್ ಸುತ್ತುಗಳನ್ನು ಎಣಿಸುವುದರಿಂದ ನಿಧಾನಕ್ಕೆ ತಿರುಗುವಾಗ ಕಡಿಮೆ ತೋರಿಸುತ್ತದೆ. ದರ ಒಂದೇ ಇದ್ದರೆ ಟ್ಯಾಕ್ ಇರುವ ಕಡೆ ಹೋಗಿ. ರಾತ್ರಿ ಬೇರೆ ಊರಲ್ಲಿ ತಂಗುವುದಾದರೆ ದಿನಕ್ಕೆ ಇಂತಿಷ್ಟು ಗಂಟೆ ಹಾರಲೇಬೇಕು, ಹಾರದಿದ್ದರೂ ಹಣ ಕೊಡಬೇಕು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ.

ಪ್ರಶ್ನೆ: ಇಲ್ಲಿನಂತೆ ಅಲ್ಲೂ ಪ್ರತಿ ಹಾರಾಟಕ್ಕೆ ಅನುಮತಿ ಬೇಕೇ? ಸ್ಯಾನ್ ಹೋಸೆಯಿಂದ ಲೇಕ್ ಟಾಹೋಗೆ ನಾಲ್ವರು ಹೋಗುವ ಯೋಚನೆ ಇದೆ.
– ಓದುಗರು, ಮೈಸೂರು

ಉತ್ತರ: ಇಲ್ಲಿಯಂತೆ ಎಡಿಸಿ (ವಾಯುರಕ್ಷಣಾ ಅನುಮತಿ) ಸಂಖ್ಯೆಗಾಗಿ ಕಾಯುವುದು ಅಲ್ಲಿಲ್ಲ. ಹವಾಮಾನ ನೆಟ್ಟಗಿದ್ದರೆ ವಿಎಫ್‌ಆರ್ (ಕಣ್ಣಳತೆಯಲ್ಲಿ ಹೊರಗೆ ನೋಡಿಕೊಂಡು ಹಾರುವ) ಹಾರಾಟಕ್ಕೆ ಫ್ಲೈಟ್ ಪ್ಲಾನ್ ಕೂಡ ಕಡ್ಡಾಯವಲ್ಲ. ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ) ಮತ್ತು ತಾತ್ಕಾಲಿಕ ನಿರ್ಬಂಧಗಳನ್ನು ನೋಡಿಕೊಳ್ಳುವ ಹೊಣೆ ಮಾತ್ರ ಪೂರ್ತಿ ನಿಮ್ಮದು. ಸ್ಯಾನ್ ಫ್ರಾನ್ಸಿಸ್ಕೋದ ಕ್ಲಾಸ್ ಬಿ ವಲಯದೊಳಗೆ (ದೊಡ್ಡ ನಿಲ್ದಾಣದ ಸುತ್ತಲಿನ ನಿಯಂತ್ರಿತ ವಾಯುಪ್ರದೇಶ) ಹೋಗಲು ಸ್ಪಷ್ಟವಾಗಿ ‘ಕ್ಲಿಯರ್ಡ್’ ಎನ್ನುವ ಮಾತು ಕೇಳಿಸಬೇಕು. ಕಂಟ್ರೋಲರ್ ನಿಮ್ಮ ಕಾಲ್‌ಸೈನ್ ಕರೆದದ್ದಷ್ಟೇ ಸಾಲದು. ಎತ್ತರ ತೋರಿಸುವ ಆಲ್ಟಿಮೀಟರಿಗೆ ಹೊಂದಿಸಬೇಕಾದ ಗಾಳಿಯ ಒತ್ತಡವನ್ನು ಹೆಕ್ಟೊಪಾಸ್ಕಲ್ ಬದಲು ಪಾದರಸದ ಇಂಚಿನಲ್ಲಿ ಹೇಳುತ್ತಾರೆ, 29.92 ಎಂದರೆ ನಮ್ಮ 1013.

ಟಾಹೋ ವಿಷಯದಲ್ಲಿ ಆತುರ ಬೇಡ. ಸೌತ್ ಲೇಕ್ ಟಾಹೋ ವಿಮಾನ ನಿಲ್ದಾಣ 6,269 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣತೆ ಸುಮಾರು 2.5 ಡಿಗ್ರಿ. ಮಧ್ಯಾಹ್ನ 28 ಡಿಗ್ರಿ ಇದ್ದರೆ ವ್ಯತ್ಯಾಸ 25.5. ಡಿಗ್ರಿಗೆ 120 ಅಡಿಯಂತೆ ಸೇರಿಸಿದರೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ತೆಳುವಾದ್ದರಿಂದ ವಿಮಾನಕ್ಕೆ ಅನುಭವವಾಗುವ ಎತ್ತರ, 9,300 ಅಡಿ ದಾಟುತ್ತದೆ. ಸುಮಾರು 3,000 ಅಡಿಯ ಜಕ್ಕೂರಿನಲ್ಲಿ 30 ಡಿಗ್ರಿ ಸೆಕೆಯಲ್ಲೂ ಇದು 5,500ರ ಆಸುಪಾಸು ಇರುತ್ತದೆ, ಆದ್ದರಿಂದ ಜಕ್ಕೂರಿನ ರೂಢಿಯನ್ನು ನಂಬಿಕೊಂಡು ಹೊರಡಬೇಡಿ. 172ಎಸ್ (ಸೆಸ್ನಾ 172ರ ಒಂದು ಮಾದರಿ) ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 730 ಅಡಿ ಏರುತ್ತದೆ, ಟಾಹೋದಲ್ಲಿ ಅದರ ಅರ್ಧವೂ ಕಷ್ಟ. ಇಂಧನ-ಗಾಳಿ ಮಿಶ್ರಣ ಹೊಂದಿಸುವ ಹಿಡಿ, ಮಿಕ್ಸ್‌ಚರ್, ಪೂರ್ತಿ ಒಳಗೆ ತಳ್ಳಿದ್ದರೆ ಇನ್ನೂ ಕಡಿಮೆ. ನಿಂತಲ್ಲೇ ಫುಲ್ ಥ್ರಾಟಲ್ ಕೊಟ್ಟು, ಆರ್‌ಪಿಎಂ ಗರಿಷ್ಠಕ್ಕೆ ಬರುವವರೆಗೆ ಮಿಕ್ಸ್‌ಚರ್ ಹಿಂದೆ ಎಳೆದು ಹೊರಡಬೇಕು. ವಿಮಾನ ಏಳುತ್ತಿಲ್ಲವೆಂದು ಮೂತಿ ಎತ್ತುವುದೇ ಅಪಘಾತದ ದಾರಿ: ನೆಲ ವೇಗವಾಗಿ ಸರಿಯುತ್ತಿರುತ್ತದೆ, ಏರ್‌ಸ್ಪೀಡ್ ಮಾತ್ರ ಇರುವುದಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಹೊರಡಿ.

ನಾಲ್ವರ ಲೆಕ್ಕವೂ ಕೂಡುವುದಿಲ್ಲ. 172ಎಸ್ ಗರಿಷ್ಠ ತೂಕ 2,550 ಪೌಂಡ್. ಖಾಲಿ ವಿಮಾನ 1,680ರಷ್ಟಿದ್ದರೆ ಉಳಿಯುವುದು 870. ಬಳಸಬಹುದಾದ 53 ಗ್ಯಾಲನ್ ಇಂಧನ 318 ಪೌಂಡ್ ತೂಗುತ್ತದೆ. ಮಿಕ್ಕ 552 ಪೌಂಡ್ ಎಂದರೆ 250 ಕಿಲೋ, ಮೂವರು ವಯಸ್ಕರು ಮತ್ತು ಅವರ ಚೀಲ. ಸೂಟ್‌ಕೇಸಿನ ತೂಕ ಕಿಲೋದಲ್ಲಿ ಬರೆದು ಪೌಂಡಿನ ಕೋಷ್ಟಕಕ್ಕೆ ಸೇರಿಸಿಬಿಡುವ ತಪ್ಪು ನಮ್ಮವರಿಂದ ಆಗುವುದುಂಟು, ನೋಡಿಕೊಳ್ಳಿ.

ಪ್ರಶ್ನೆ: ಸ್ನೇಹಿತರ ಜೊತೆ ಖರ್ಚು ಹಂಚಿಕೊಳ್ಳಬಹುದೇ?
– ಓದುಗರು, ತುಮಕೂರು

ಉತ್ತರ: ಇಂಧನ, ಆಯಿಲ್, ಬಾಡಿಗೆ, ನಿಲ್ದಾಣದ ಶುಲ್ಕ ಇವನ್ನು ಹಂಚಿಕೊಳ್ಳಬಹುದು. ಆದರೆ ನಿಮ್ಮ ಪಾಲು ಸಮಪಾಲಿಗಿಂತ ಕಡಿಮೆ ಆಗಬಾರದು. ಮೂವರಿದ್ದರೆ ಮೂರನೇ ಒಂದು ಭಾಗ ನಿಮ್ಮ ಜೇಬಿನಿಂದಲೇ ಹೋಗಬೇಕು. ಗುರುತಿಲ್ಲದವರನ್ನು ಹಣ ಪಡೆದು ಕೂರಿಸಿಕೊಂಡರೆ ಅದು ಬಾಡಿಗೆ ಸವಾರಿ, ನಿಮ್ಮ ಸರ್ಟಿಫಿಕೇಟಿಗೆ ಆ ಅಧಿಕಾರ ಇಲ್ಲ.