ಹಾಜರಿ ಬೇಡದ ಬಿ.ಇಡಿ.: ಒಂದು ಆಪ್ತಸಲಹೆ ಪ್ರಕರಣ

ಬಿ.ಇಡಿ. ಪ್ರವೇಶದ ಪ್ರಕಟಣೆ ಹೊರಬೀಳುವ ಹೊತ್ತಿಗೆ ಧಾರವಾಡದ ನನ್ನ ಕೊಠಡಿಗೆ ಒಂದೇ ಬಗೆಯ ಸಂಕಟ ಹೊತ್ತವರು ಬರತೊಡಗುತ್ತಾರೆ. ಖಾಸಗಿ ಪದವಿಪೂರ್ವ ಕಾಲೇಜುಗಳಲ್ಲಿ ಎಂಟು, ಹತ್ತು, ಹನ್ನೆರಡು ವರ್ಷ ಪಾಠ ಮಾಡಿದವರು, ಎಂ.ಎ. ಅಥವಾ ಎಂ.ಎಸ್ಸಿ. ಇದ್ದು ಬಿ.ಇಡಿ. ಇಲ್ಲದವರು. ನಿದ್ದೆ ಬರುವುದಿಲ್ಲ, ಮನೆಯಲ್ಲಿ ವಿನಾಕಾರಣ ಸಿಟ್ಟು ಬರುತ್ತದೆ ಎಂದು ಮಾತು ಶುರುಮಾಡುವ ಇವರು, ಎರಡನೆಯ ಭೇಟಿಯ ಹೊತ್ತಿಗೆ ನೌಕರಿ ಬಿಡದೆ ಬಿ.ಇಡಿ. ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಅಂಥ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇಲ್ಲಿ ಬರೆದಿದ್ದೇನೆ. ಇದರಲ್ಲಿ ನಾನು ಕೊಟ್ಟ ಸಲಹೆಗೆ ನನ್ನ ವೃತ್ತಿಯವರೇ ಆಕ್ಷೇಪ ಎತ್ತಿರುವುದರಿಂದ, ಸ್ವಲ್ಪ ಮಟ್ಟಿಗೆ ಇದು ಅವರಿಗೆ ಕೊಡುವ ಉತ್ತರವೂ ಹೌದು.

ಆಕೆಗೆ ಮೂವತ್ತೇಳು ವರ್ಷ. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯ ಒಂದು ಅನುದಾನರಹಿತ ಕಾಲೇಜಿನಲ್ಲಿ. ದಿನವೂ ಚಿಗರಿ ಬಸ್ಸಿನ ಓಡಾಟ. ಅರ್ಥಶಾಸ್ತ್ರ ಬೋಧಿಸುತ್ತಾ ಒಂಬತ್ತು ವರ್ಷವಾಗಿತ್ತು. ಪತಿಯ ಗಳಿಕೆ ಒಂದು ತಿಂಗಳಿದ್ದಂತೆ ಇನ್ನೊಂದು ತಿಂಗಳು ಇರುವುದಿಲ್ಲ. ಒಬ್ಬ ಮಗ ಶಾಲೆಗೆ ಹೋಗುತ್ತಾನೆ. ಸರ್ಕಾರಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕಿಯಾಗುವುದು ಆಕೆಯ ಹಳೆಯ ಆಸೆ, ಆಡಳಿತ ಮಂಡಳಿಯೂ ಬಿ.ಇಡಿ. ಮುಗಿಸಿಕೊಳ್ಳಿ ಎಂದು ಒತ್ತಾಯಿಸತೊಡಗಿತ್ತು.

ಇಲ್ಲಿ ನಿಯಮದ ಮಾತನ್ನು ಹೇಳಲೇಬೇಕು, ಏಕೆಂದರೆ ನನ್ನ ಬಳಿ ಬರುವವರಲ್ಲಿ ಅರ್ಧದಷ್ಟು ಜನರ ಚಿಂತೆ ತಪ್ಪು ಮಾಹಿತಿಯಿಂದಲೇ ಹುಟ್ಟಿರುತ್ತದೆ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಬಿ.ಇಡಿ. ಬೇಕಿಲ್ಲ; ಅಲ್ಲಿ ಕೇಳುವುದು ನೆಟ್, ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಅಥವಾ ಪಿಎಚ್.ಡಿ. ಪದವಿಪೂರ್ವ ಹಂತಕ್ಕಾದರೆ ಸ್ನಾತಕೋತ್ತರ ಪದವಿಯ ಜೊತೆಗೆ ಬಿ.ಇಡಿ. ಬೇಕು. 2014ರ ಎನ್.ಸಿ.ಟಿ.ಇ. (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ) ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ್ದಾಯಿತು; ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ತರಗತಿಗಳಿಗೆ ಶೇ. 80 ಹಾಜರಾತಿ, ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90. ದೂರಶಿಕ್ಷಣದಲ್ಲಿ ಮಾಡಬಹುದಲ್ಲ ಎನ್ನುವವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಆ ದಾರಿ ಇರುವುದು ತರಬೇತಿ ಪಡೆದು ಪ್ರಾಥಮಿಕ ಹಂತದಲ್ಲಿ ಸೇವೆಯಲ್ಲಿರುವ ಶಿಕ್ಷಕರಿಗೆ, ಇಲ್ಲವೆ ಡಿ.ಇಡಿ.ಯಂಥ ಮಾನ್ಯ ಶಿಕ್ಷಕ ತರಬೇತಿ ಕೋರ್ಸನ್ನು ನೇರ ತರಗತಿಯಲ್ಲಿ ಮುಗಿಸಿದವರಿಗೆ. ಕಾಲೇಜಿನಲ್ಲಿ ಎಷ್ಟೇ ವರ್ಷ ಪಾಠ ಮಾಡಿದ್ದರೂ ಆ ಅನುಭವ ಅಲ್ಲಿ ಲೆಕ್ಕಕ್ಕಿಲ್ಲ. ಸ್ನಾತಕೋತ್ತರ ಪದವೀಧರರಿಗೆ ಒಂದು ವರ್ಷದ ಬಿ.ಇಡಿ. ಎಂಬ ಮಾತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಇರುವುದು ನಿಜ. ಅದು ಇನ್ನೇನು ಜಾರಿಗೆ ಬರುತ್ತದೆ ಎಂದು ನಂಬಿ ಈಕೆ ಎರಡು ವರ್ಷ ಸುಮ್ಮನೆ ಕಾದಿದ್ದರು.

ಮೂರನೆಯ ಭೇಟಿಗೆ ಬಂದಾಗ ಆಕೆ ವ್ಯಾನಿಟಿ ಬ್ಯಾಗಿನಿಂದ ಒಂದು ದಪ್ಪ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಕಂದು ಬಣ್ಣದ ರಟ್ಟು; ಅದರ ಮೇಲಿನ ಹೆಸರಿನ ಚೀಟಿಯನ್ನು ಯಾರೋ ಉಗುರಿನಿಂದ ಕೆರೆದು ತೆಗೆದಿದ್ದರು, ಅಂಟಿನ ಕಲೆ ಹಾಗೆಯೇ ಉಳಿದಿತ್ತು. ಮಧ್ಯವರ್ತಿಯೊಬ್ಬ ನಮೂನೆಗೆಂದು ಕೊಟ್ಟ ಪಾಠಯೋಜನೆಯ ಪುಸ್ತಕವಂತೆ. ಬೇರೆ ಜಿಲ್ಲೆಯ ಒಂದು ಕಾಲೇಜಿನಲ್ಲಿ ಪ್ರವೇಶ, ಪರೀಕ್ಷೆಗೆ ಮತ್ತು ಪ್ರಾಯೋಗಿಕಕ್ಕೆ ಮಾತ್ರ ಹಾಜರಿ. ಉಳಿದದ್ದನ್ನೆಲ್ಲ, ರೆಕಾರ್ಡ್ ಬರೆಸುವುದನ್ನೂ ಸೇರಿಸಿ, ಅವರೇ ನೋಡಿಕೊಳ್ಳುತ್ತಾರೆ ಎಂಬ ಮಾತಾಗಿತ್ತು. ಮುಂಗಡ ಕೊಡಲು ಶನಿವಾರದ ಗಡುವು. ‘ಎಲ್ಲಾರೂ ಹಿಂಗ ಮಾಡ್ತಾರ್ರಿ ಮೇಡಂ, ನಾನೊಬ್ಬಾಕಿ ಮಾಡಿದ್ರ ತಪ್ಪೇನು?’ ಎಂದು ಕೇಳಿದರು.

ತಪ್ಪು ಸರಿಯ ಮಾತನ್ನು ನಾನು ಆಗ ಆಡಲಿಲ್ಲ. ಪುಸ್ತಕದಲ್ಲಿನ ಒಂದು ಪಾಠ ಓದಿ ಹೇಳಿ ಎಂದೆ. ಬ್ಯಾಂಕ್ ಖಾತೆಗಳ ವಿಧಗಳ ಕುರಿತ ಪಾಠ. ಎಡಗಡೆ ಶಿಕ್ಷಕರ ಚಟುವಟಿಕೆ, ಬಲಗಡೆ ವಿದ್ಯಾರ್ಥಿಗಳ ಚಟುವಟಿಕೆ. ‘ನಿಮ್ಮ ಊರಿನಲ್ಲಿ ಹಣ ಎಲ್ಲಿ ಇಡುತ್ತಾರೆ?’ ಎಂದು ಶಿಕ್ಷಕರು ಕೇಳುವರು; ‘ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಇಡುತ್ತಾರೆ’ ಎಂದು ವಿದ್ಯಾರ್ಥಿಗಳು ಉತ್ತರಿಸುವರು. ಅಲ್ಲಿಗೆ ಬಂದಾಗ ಆಕೆಗೆ ನಗು ತಡೆಯಲಾಗಲಿಲ್ಲ. ‘ಯಾವ ಹುಡುಗ ಹಿಂಗ ಹೇಳ್ತಾನ್ರಿ? ನಮ್ಮಪ್ಪಂದು ಸೊಸೈಟ್ಯಾಗ ಸಾಲ ಐತ್ರಿ ಅಂತಾನ!’ ಹಾಗಾದರೆ ನೀವು ಹೇಗೆ ಶುರುಮಾಡುತ್ತೀರಿ ಎಂದು ಕೇಳಿದ್ದೇ ತಡ, ಪುಸ್ತಕ ಮುಚ್ಚಿಟ್ಟು ಆ ಸೊಸೈಟಿಯಿಂದಲೇ ಹಿಡಿದರು. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘ, ರೈತ ಸಾಹುಕಾರನ ಮನೆಗೆ ಹೋಗುವುದಕ್ಕೂ ಸಂಘದ ಬಾಗಿಲಿಗೆ ಹೋಗುವುದಕ್ಕೂ ಇರುವ ಅಂತರ, ಠೇವಣಿ ಇಡುವವನೂ ಸಾಲ ಪಡೆಯುವವನೂ ಒಂದೇ ಊರಿನವರಾದಾಗ ಆಗುವ ಅನುಕೂಲ, ಹಾಗೆಯೇ ಮುಜುಗರ. ಹತ್ತು ನಿಮಿಷ ನಾನು ಆಪ್ತಸಲಹೆಗಾರ್ತಿ ಎಂಬುದನ್ನೇ ಮರೆತು ಕೇಳಿದೆ.

ಇಷ್ಟು ಚೆನ್ನಾಗಿ ಹೇಳಬಲ್ಲವರಿಗೆ ಈ ಪುಸ್ತಕ ಏಕೆ ಬೇಕು ಎಂದು ಕೇಳಿದಾಗ ಮೊದಲು ಸಮಯದ ಮಾತು, ಆಮೇಲೆ ದುಡ್ಡಿನ ಮಾತು ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ: ‘ಒಂಬತ್ತು ವರ್ಷದಾಗ ನನ್ನ ಕ್ಲಾಸಿನ್ಯಾಗ ಹಿಂದ ಕುಂತು ಯಾರೂ ಒಮ್ಮೆನೂ ನೋಡಿಲ್ರಿ. ಕುಂತ್ರ ಏನ ಕಾಣತೈತೋ ಅಂತ ಅಂಜಿಕಿ. ಅಲ್ಲಿ ನೋಡಾಕಿ ನನ್ನ ಕೈಯಾಗ ಕಲತ ಹುಡುಗಿನ ಇರಬಹುದು.’

ಪ್ರಕರಣ ತಿರುಗಿದ್ದು ಈ ಮಾತಿನಲ್ಲಿ. ಬಿ.ಇಡಿ.ಯ ಸೂಕ್ಷ್ಮಬೋಧನೆಯೆಂದರೆ ಇದೇ ಅಂಜಿಕೆಯನ್ನು ಎದುರಿಗೆ ತಂದು ನಿಲ್ಲಿಸುವ ವ್ಯವಸ್ಥೆ. ಐದಾರು ನಿಮಿಷದ ಪಾಠ, ಎದುರಿಗೆ ಸಹಪಾಠಿಗಳೇ ವಿದ್ಯಾರ್ಥಿಗಳು, ಒಂದು ಸಲಕ್ಕೆ ಒಂದೇ ಕೌಶಲ. ಪ್ರಶ್ನೆ ಕೇಳುವುದೋ, ಕಪ್ಪುಹಲಗೆ ಬಳಸುವುದೋ, ಸರಿಯುತ್ತರಕ್ಕೆ ಮೆಚ್ಚುಗೆ ತೋರಿ ಹುರಿದುಂಬಿಸುವ ಪುನರ್ಬಲನವೋ. ಹಿಂದೆ ಕುಳಿತವರು ಅವಲೋಕನ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ, ಅದನ್ನು ಓದಿ ಮತ್ತೆ ಅದೇ ಪಾಠ. ಹಾಜರಿ ಬೇಡದ ಬಿ.ಇಡಿ.ಯಲ್ಲಿ ಮೊದಲು ಕೈಬಿಡುವುದೇ ಇದನ್ನು. ಆಕೆಗೆ ಬೇಕಾಗಿದ್ದೂ ಬೇಡವಾಗಿದ್ದೂ ಇದೇ ಆಗಿತ್ತು.

ನಾನು ಕೊಟ್ಟ ಸಲಹೆ ನೇರವಾಗಿತ್ತು. ಮುಂಗಡ ಕೊಡಬೇಡಿ. ಎರಡು ವರ್ಷದ ವೇತನರಹಿತ ರಜೆಯನ್ನು ಲಿಖಿತವಾಗಿ ಕೇಳಿ, ಕೊಡದಿದ್ದರೆ ಒಂದು ವರ್ಷ ಉಳಿತಾಯ ಮಾಡಿಕೊಂಡು ಬಿಟ್ಟು ಹೋಗಿ. ಅದಕ್ಕೂ ಮೊದಲು, ನಂಬಿಕೆಯ ಹಿರಿಯ ಸಹೋದ್ಯೋಗಿಯೊಬ್ಬರನ್ನು ಒಂದು ದಿನ ನಿಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಕೂರಿಸಿಕೊಳ್ಳಿ.

ಆಪ್ತಸಲಹೆಗಾರರು ದಾರಿ ತೋರಬಾರದು, ಬಂದವರೇ ದಾರಿ ಕಂಡುಕೊಳ್ಳುವಂತೆ ಮಾಡಬೇಕು, ಅದರಲ್ಲೂ ಸಂಬಳದ ಮೇಲೆ ನಿಂತ ಮನೆಯವರಿಗೆ ನೌಕರಿ ಬಿಡಿ ಎನ್ನಬಾರದು ಎಂಬುದು ನನ್ನ ಮೇಲಿನ ಆಕ್ಷೇಪ. ಮೊದಲ ಭಾಗವನ್ನು ಬಹುಪಾಲು ಪ್ರಕರಣಗಳಲ್ಲಿ ನಾನೂ ಪಾಲಿಸುತ್ತೇನೆ. ಆದರೆ ಶನಿವಾರದ ಗಡುವು ಹೊತ್ತು ಬಂದವರ ಮುಂದೆ ತಟಸ್ಥವಾಗಿ ಕುಳಿತರೆ, ಆ ತಾಟಸ್ಥ್ಯ ಮಧ್ಯವರ್ತಿಯ ಪರವಾಗಿಯೇ ಕೆಲಸ ಮಾಡುತ್ತದೆ. ಒಂದೇ ದಿನಾಂಕಕ್ಕೆ ಹುಬ್ಬಳ್ಳಿಯ ಹಾಜರಿ ಪುಸ್ತಕದಲ್ಲಿ ಒಂದು ಸಹಿ, ನೂರಾರು ಕಿಲೋಮೀಟರ್ ಆಚೆಯ ಪುಸ್ತಕದಲ್ಲಿ ಇನ್ನೊಂದು ಸಹಿ ಇದ್ದರೆ, ನಾಳೆ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಸೇವಾ ಪ್ರಮಾಣಪತ್ರವೇ ಆಕೆಯ ವಿರುದ್ಧದ ಸಾಕ್ಷಿಯಾಗುತ್ತದೆ. ಈಗಾಗಲೇ ನಿದ್ದೆಗೆಟ್ಟವರಿಗೆ ಅಂಥ ಗುಟ್ಟನ್ನು ನಿವೃತ್ತಿಯವರೆಗೆ ಹೊರಿಸುವುದು ಯಾವ ಚಿಕಿತ್ಸೆ? ಹತ್ತೊಂಬತ್ತನೆಯ ಶತಮಾನದ ಶಿಕ್ಷಣಾಧಿಕಾರಿ ಡೆಪ್ಯುಟಿ ಚೆನ್ನಬಸಪ್ಪನವರ ಕಾಲದಿಂದ ಶಿಕ್ಷಕರನ್ನು ತಯಾರು ಮಾಡುತ್ತ ಬಂದ ಊರಿನಲ್ಲಿ ಕುಳಿತು ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಆಕ್ಷೇಪದ ಎರಡನೆಯ ಭಾಗಕ್ಕೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ.

ಕನ್ನಡ ವಿಭಾಗದ, ನಿವೃತ್ತಿಗೆ ಹತ್ತಿರವಾದ ಉಪನ್ಯಾಸಕರೊಬ್ಬರು ಆಕೆಯ ತರಗತಿಯಲ್ಲಿ ಕುಳಿತರು. ಅರ್ಧ ಪುಟ ಬರೆದುಕೊಟ್ಟರಂತೆ: ಹಲಗೆಗೆ ಮುಖ ಮಾಡಿ ಮಾತಾಡುತ್ತೀರಿ; ಕಿಟಕಿ ಕಡೆಯ ಮೂರು ಬೆಂಚಿಗೆ ಒಂದು ಪ್ರಶ್ನೆಯೂ ಹೋಗಲಿಲ್ಲ; ಉದಾಹರಣೆಗಳು ಬಹಳ ಚೆನ್ನ. ಆ ಚೀಟಿಯನ್ನು ಮೊಬೈಲಿನ ಕವರಿನೊಳಗೆ ಮಡಚಿಟ್ಟುಕೊಂಡು ನನಗೆ ತೋರಿಸಲು ತಂದಿದ್ದರು.

ಆಡಳಿತ ಮಂಡಳಿ ರಜೆ ಕೊಡಲಿಲ್ಲ. ಒಂದು ವರ್ಷದ ನಂತರ ಆಕೆ ರಾಜೀನಾಮೆ ಕೊಟ್ಟು ಧಾರವಾಡದಲ್ಲೇ ಬಿ.ಇಡಿ.ಗೆ ಸೇರಿದರು. ಮೊದಲ ಸೂಕ್ಷ್ಮಬೋಧನೆಯ ಸಂಜೆ ಫೋನ್ ಮಾಡಿದ್ದರು. ಅವಲೋಕನ ಪಟ್ಟಿ ಹಿಡಿದು ಕುಳಿತವಳು ಇಪ್ಪತ್ತೆರಡರ ಹುಡುಗಿ, ‘ವೇಗ ಹೆಚ್ಚಾಯಿತು’ ಎಂದು ಬರೆದಿದ್ದಾಳೆ; ತನಗೆ ಹಾಗನ್ನಿಸಲಿಲ್ಲ, ಸಿಟ್ಟು ಬಂತು, ಆದರೂ ಮತ್ತೆ ಮಾಡಿದೆ ಎಂದರು. ಮಗನ ಶಾಲೆಯ ಶುಲ್ಕದ ಎರಡನೆಯ ಕಂತು ಇನ್ನೂ ಕಟ್ಟಿಲ್ಲ ಎಂಬುದನ್ನೂ ಅದೇ ಕರೆಯಲ್ಲಿ ಹೇಳಿದರು.